ಯಾವ ಪಟ್ಟಿಯಲ್ಲಿ ಇಲ್ಲ? ಡ್ಯುಯಲ್ ಬೂಟ್ ಕಂಪ್ಯೂಟರಿನಲ್ಲಿ ಡಿಸ್ಕ್ ನಾಪತ್ತೆಯಾದಾಗ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳಿಗೆ, ಡಿಟಿಪಿ ಕೆಲಸಕ್ಕೆ ವಿಂಡೋಸ್ ಬೇಕು. ಕೋಡಿಂಗ್‌ಗೆ, ಲ್ಯಾಬ್ ಅಭ್ಯಾಸಕ್ಕೆ ಉಬುಂಟು ಎಂಬ ಲಿನಕ್ಸ್ ಬೇಕು. ಎರಡೂ ಸುಖವಾಗಿರುತ್ತವೆ. ಒಂದು ದಿನ ಪವರ್ ಬಟನ್ ಒತ್ತಿದರೆ ಎರಡರಲ್ಲಿ ಒಂದು ಕಾಣುವುದಿಲ್ಲ. ‘ಡಿಸ್ಕೇ ತೋರಿಸ್ತಿಲ್ಲ’ ಅನ್ನುತ್ತೇವೆ, ಅಂತರ್ಜಾಲದಲ್ಲಿ ಸಿಕ್ಕ ಮೊದಲ ಕಮಾಂಡ್ ಹೊಡೆಯುತ್ತೇವೆ, ಅಲ್ಲಿಯವರೆಗೆ ಚೆನ್ನಾಗಿದ್ದ ಇನ್ನೊಂದೂ ಕೆಡುತ್ತದೆ.

‘ತೋರಿಸ್ತಿಲ್ಲ’ ಅಂದಾಗ ಮೊದಲು ಕೇಳಬೇಕಾದ್ದು: ಯಾವ ಪಟ್ಟಿಯಲ್ಲಿ? ಕಂಪ್ಯೂಟರ್ ಶುರುವಾಗುವಾಗ ಒಂದಾದ ಮೇಲೊಂದು ಮೂರು ಪಟ್ಟಿಗಳು ಬರುತ್ತವೆ. ಮೊದಲನೆಯದು, ಮದರ್‌ಬೋರ್ಡಿಗೆ ಯಾವ ಯಾವ ಡಿಸ್ಕ್ ಅಂಟಿಕೊಂಡಿದೆ ಎಂದು ಫರ್ಮ್‌ವೇರ್ (ಬೋರ್ಡಿನಲ್ಲೇ ಇರುವ, ಎಲ್ಲಕ್ಕಿಂತ ಮೊದಲು ಏಳುವ ತಂತ್ರಾಂಶ) ಮಾಡಿಕೊಳ್ಳುವ ಲೆಕ್ಕ. ಎರಡನೆಯದು, ಆ ಡಿಸ್ಕುಗಳಿಂದ ಏನನ್ನು ಶುರುಮಾಡಬಹುದು ಎಂಬ ಬೂಟ್ ಪಟ್ಟಿ. ಮೂರನೆಯದು, ಗ್ರಬ್ (ಯಾವ ಸಿಸ್ಟಮ್ ಏಳಬೇಕು ಎಂದು ಕೇಳುವ, ಲಿನಕ್ಸ್ ಜೊತೆ ಬರುವ ಬೂಟ್‌ಲೋಡರ್) ತೋರಿಸುವ ಕಪ್ಪು ಪರದೆಯ ಮೆನು. ಮೊದಲ ಪಟ್ಟಿಯ ತೊಂದರೆಗೆ ಸ್ಕ್ರೂಡ್ರೈವರ್ ಬೇಕಾಗಬಹುದು. ಮೂರನೆಯದಕ್ಕೆ ಒಂದು ಸಾಲು ತಿದ್ದಿದರೆ ಸಾಕು. ಇವೆರಡನ್ನೂ ಒಂದೇ ಎಂದುಕೊಂಡು ಮದ್ದು ಮಾಡುವುದರಿಂದಲೇ ಅರ್ಧ ಅನಾಹುತ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಷನ್’ (ಡಿಸ್ಕಿನ ಮಾಹಿತಿಗೆ ಹಾಕುವ ಗುಪ್ತಲಿಪಿಯ ಬೀಗ) ಚಾಲೂ ಇದ್ದರೆ, ಫರ್ಮ್‌ವೇರ್‌ನಲ್ಲಿ ಏನನ್ನು ಬದಲಿಸಿದರೂ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಇದು ಚಾಲೂ ಆಗಿರುತ್ತದೆ. ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ನಂತರವೇ ಮುಂದಿನ ಕೆಲಸ. ಕೀ ಇಲ್ಲದಿದ್ದರೆ ಆ ಡಿಸ್ಕಿನ ಮಾಹಿತಿಯನ್ನು ಯಾವ ಅಂಗಡಿಯವರೂ ತೆಗೆದುಕೊಡಲಾರರು.

ಮೊದಲ ಪಟ್ಟಿ: ಡಿಸ್ಕ್ ಇದೆಯೋ ಇಲ್ಲವೋ

ಫರ್ಮ್‌ವೇರ್ ಒಳಗೆ ಹೋಗಿ. ಜನ ಇದನ್ನು ಈಗಲೂ ಬಯಾಸ್ ಎಂದೇ ಕರೆಯುತ್ತಾರೆ, ಕರೆಯಲಿ. ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1 ಅಥವಾ ಎಫ್2, ಬಿಡಿಭಾಗ ಕೂಡಿಸಿ ಮಾಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಡಿಲೀಟ್ ಕೀ. ಅಲ್ಲಿ ‘ಸ್ಟೋರೇಜ್’ ಅಥವಾ ‘ಸಿಸ್ಟಮ್ ಇನ್ಫರ್ಮೇಶನ್’ ಪುಟದಲ್ಲಿ ಡಿಸ್ಕಿನ ಮಾಡೆಲ್ ಹೆಸರು, ಗಾತ್ರ ಇದೆಯೇ ನೋಡಿ. ಬೂಟ್ ಆರ್ಡರ್ ಪುಟಕ್ಕೆ ಈಗಲೇ ಹೋಗಬೇಡಿ, ಅದು ಎರಡನೆಯ ಪಟ್ಟಿ.

ಹೆಸರೇ ಇಲ್ಲದಿದ್ದರೆ ಸಾಫ್ಟ್‌ವೇರ್ ವಿಚಾರ ಮರೆತುಬಿಡಿ. ಪವರ್ ತೆಗೆದು, ಕವರ್ ಬಿಚ್ಚಿ. ಸಾಟಾ ಡಿಸ್ಕ್ ಆದರೆ ಅದಕ್ಕೆ ಎರಡು ಕೇಬಲ್: ಸಣ್ಣದು ಡೇಟಾದ್ದು, ಅಗಲದ್ದು ಪವರ್‌ದು. ಡೇಟಾ ಕೇಬಲ್ ಬದಲಿಸಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಎಂ.2 ಡಿಸ್ಕ್ (ಬೋರ್ಡಿನ ಸ್ಲಾಟಿನಲ್ಲೇ ಕೂರುವ ತೆಳ್ಳನೆಯ ಕಾರ್ಡ್) ಆದರೆ ಅದನ್ನು ಬಿಚ್ಚಿ, ಸುಮಾರು 30 ಡಿಗ್ರಿ ಓರೆಯಾಗಿ ಒಳಗೆ ತಳ್ಳಿ, ಬಂಗಾರದ ಬಣ್ಣದ ಅಂಚು ಎರಡೂ ಬದಿ ಸಮನಾಗಿ ಒಳಹೋಗಿದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಒತ್ತಿಹಿಡಿದು ಸ್ಕ್ರೂ ಹಾಕಬೇಕು. ಸ್ಕ್ರೂ ಕಳೆದುಹೋಗಿ ಟೇಪ್ ಅಂಟಿಸಿದ ಎಂ.2 ಡಿಸ್ಕ್ ಬಿಸಿಯಾದಂತೆ ಮೇಲೇಳುತ್ತದೆ. ಬೆಳಿಗ್ಗೆ ಕಾಣುತ್ತದೆ, ಮಧ್ಯಾಹ್ನ ಕಾಣುವುದಿಲ್ಲ.

ಹೊಸ ಡಿಸ್ಕ್ ಕೊಂಡು ಹಾಕಿದಾಗ ಕಾಣದಿದ್ದರೆ ಕಾರಣ ಹೆಚ್ಚಾಗಿ ಬೇರೆ. ಎಂ.2 ಎನ್ನುವುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಸಾಟಾ ಡಿಸ್ಕೂ ಬರುತ್ತದೆ, ಅದಕ್ಕಿಂತ ವೇಗದ ಎನ್‌ವಿಎಂಇ ಡಿಸ್ಕೂ ಬರುತ್ತದೆ. ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಅದು ಸಾಮಾನ್ಯವಾಗಿ ಸಾಟಾ. ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ. ಸ್ಲಾಟ್ ಒಂದನ್ನು ಮಾತ್ರ ಒಪ್ಪುವಂಥದ್ದಾದರೆ ಇನ್ನೊಂದು ಅಲ್ಲಿ ಕೂರಬಹುದು, ಆದರೆ ಕಾಣುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗ ‘256 ಜಿಬಿ ಎಂ.2 ಕೊಡಿ’ ಎಂದಷ್ಟೇ ಕೇಳಿದರೆ ಯಾವುದು ಸಿಗುತ್ತದೋ ಹೇಳಲಾಗದು. ಜೊತೆಗೆ, ಅನೇಕ ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ತಾನಾಗಿಯೇ ಸತ್ತುಹೋಗುತ್ತದೆ, ಏಕೆಂದರೆ ಎರಡಕ್ಕೂ ದಾರಿ ಒಂದೇ. ಹೊಸ ಡಿಸ್ಕ್ ಹಾಕಿದ ದಿನವೇ ಹಳೆಯದು ಮಾಯವಾಯಿತು ಎಂದರೆ ಮೊದಲು ಬೋರ್ಡಿನ ಕೈಪಿಡಿಯಲ್ಲಿ ಆ ಕೋಷ್ಟಕ ನೋಡಿ, ಕೇಬಲನ್ನು ಬೇರೆ ಪೋರ್ಟಿಗೆ ಹಾಕಿ.

ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಬೆಳಿಗ್ಗೆ ಮೊದಲ ಸಲ ಕಾಣದೆ, ರೀಸ್ಟಾರ್ಟ್ ಮಾಡಿದರೆ ಕಾಣುತ್ತದೆಯೇ? ಅದು ವೇಗಕ್ಕೆ ಬರುವ ಮೊದಲೇ ಫರ್ಮ್‌ವೇರ್ ಹಾಜರಿ ಕರೆದು ಮುಗಿಸಿದೆ. ಫರ್ಮ್‌ವೇರ್‌ನ ‘ಫಾಸ್ಟ್ ಬೂಟ್’ ಆಫ್ ಮಾಡಿ. ಅದರ ಜೊತೆಗೆ ಟಕ್ ಟಕ್ ಸದ್ದೂ ಬರುತ್ತಿದ್ದರೆ ರಿಪೇರಿ ಕೈಬಿಟ್ಟು, ಮೊದಲು ಇನ್ನೊಂದು ಡಿಸ್ಕಿಗೆ ಮಾಹಿತಿ ಎತ್ತಿಕೊಳ್ಳಿ.

ಇದೇ ಪಟ್ಟಿಯ ಇನ್ನೊಂದು ತೊಡಕು ಸೆಟ್ಟಿಂಗಿನದು. ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಅನೇಕ ಲ್ಯಾಪ್‌ಟಾಪ್‌ಗಳು ‘ವಿಎಂಡಿ’ (ಎನ್‌ವಿಎಂಇ ಡಿಸ್ಕುಗಳನ್ನು ಇಂಟೆಲ್ ತನ್ನ ಹಿಡಿತದಲ್ಲಿಟ್ಟುಕೊಳ್ಳುವ ಸೆಟ್ಟಿಂಗ್) ಆನ್ ಆಗಿ ಬರುತ್ತವೆ. ಅದಕ್ಕಿಂತ ಹಿಂದಿನ ಕೆಲವುಗಳಲ್ಲಿ ಸಾಟಾ ಮೋಡ್ ‘ರೇಡ್’ (ಹಲವು ಡಿಸ್ಕನ್ನು ಒಟ್ಟುಗೂಡಿಸುವ ಮೋಡ್) ಎಂದಿರುತ್ತದೆ. ಫರ್ಮ್‌ವೇರ್ ಡಿಸ್ಕನ್ನು ಕಾಣುತ್ತದೆ, ಆದರೆ ವಿಂಡೋಸ್ ಇನ್‌ಸ್ಟಾಲರ್ ‘ಯಾವ ಡ್ರೈವೂ ಇಲ್ಲ’ ಎನ್ನುತ್ತದೆ, ಏಕೆಂದರೆ ಅದರ ಬಳಿ ಡ್ರೈವರ್ ಇಲ್ಲ. ಹಳೆಯ ರೇಡ್ ಮೋಡಿನಲ್ಲಿ ಲಿನಕ್ಸಿಗೂ ಎನ್‌ವಿಎಂಇ ಡಿಸ್ಕ್ ಮರೆಯಾಗುತ್ತದೆ.

ಪರಿಹಾರ: ವಿಎಂಡಿ ಆಫ್ ಮಾಡುವುದು, ರೇಡ್ ಇದ್ದರೆ ಎಎಚ್‌ಸಿಐ ಎಂಬ ಸಾಮಾನ್ಯ ಮೋಡಿಗೆ ಬದಲಿಸುವುದು. ಆದರೆ ಈಗಾಗಲೇ ವಿಂಡೋಸ್ ಇದ್ದರೆ ನೇರವಾಗಿ ಬದಲಿಸಬೇಡಿ, ಅದು ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆಗೆ ಹೋಗಿ ಕೂರುತ್ತದೆ. ಮೊದಲು ವಿಂಡೋಸ್ ಒಳಗೇ ‘ಎಂಎಸ್‌ಕಾನ್ಫಿಗ್’ ತೆರೆದು, ಬೂಟ್ ಟ್ಯಾಬಿನಲ್ಲಿ ‘ಸೇಫ್ ಬೂಟ್, ಮಿನಿಮಲ್’ ಗುರುತು ಹಾಕಿ. ರೀಸ್ಟಾರ್ಟ್ ಮಾಡಿ ನೇರ ಫರ್ಮ್‌ವೇರ್‌ಗೆ ಹೋಗಿ ಮೋಡ್ ಬದಲಿಸಿ. ವಿಂಡೋಸ್ ಸೇಫ್ ಮೋಡಿನಲ್ಲಿ ಏಳುವಾಗ ಸರಿಯಾದ ಡ್ರೈವರನ್ನು ತಾನೇ ಹಿಡಿದುಕೊಳ್ಳುತ್ತದೆ. ಒಳಗೆ ಬಂದು ಆ ಗುರುತು ತೆಗೆದು ಮತ್ತೆ ರೀಸ್ಟಾರ್ಟ್. ಸೇಫ್ ಮೋಡಿನಲ್ಲಿ ಪಿನ್ ನಡೆಯದೇ ಇರಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ.

ಎಲ್ಲ ಸರಿಯಿದ್ದ ಡೆಸ್ಕ್‌ಟಾಪಿನಲ್ಲಿ ಈ ಮೋಡ್ ತಾನಾಗಿ ಬದಲಾದರೆ, ಗಡಿಯಾರವೂ ಹಿಂದೆ ಹೋಗಿದ್ದರೆ, ಸಿಆರ್2032 ಬಟನ್ ಸೆಲ್ ಬದಲಿಸಿ. ಕರೆಂಟ್ ಹೋದಾಗಲೆಲ್ಲ ಸೆಟ್ಟಿಂಗ್ ಮೊದಲಿನಂತಾಗುವುದಕ್ಕೆ 3 ವೋಲ್ಟಿನ ಆ ಬಿಲ್ಲೆಯೇ ಕಾರಣ.

ಎರಡನೆಯ ಪಟ್ಟಿ: ಮನೆ ಇದೆ, ವಿಳಾಸದ ಚೀಟಿ ಇಲ್ಲ

ಹೆಚ್ಚಿನ ದೂರುಗಳು ಇಲ್ಲಿಯವು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಹಳೆಯ ಬಯಾಸ್ ಪದ್ಧತಿಯಲ್ಲಿ ಬೂಟ್ ಮಾಡುವ ಕೋಡ್ ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಇರುತ್ತಿತ್ತು. ಅದರಲ್ಲಿ 446 ಬೈಟ್ ಕೋಡಿಗೆ, 64 ಬೈಟ್ ನಾಲ್ಕು ಪಾರ್ಟಿಷನ್‌ಗಳ (ಡಿಸ್ಕಿನ ಭಾಗಗಳ) ಲೆಕ್ಕಕ್ಕೆ, ಕೊನೆಯ 2 ಬೈಟ್ ಗುರುತಿಗೆ. ಯುಇಎಫ್‌ಐ ಎಂಬ ಹೊಸ ಫರ್ಮ್‌ವೇರ್ ಪದ್ಧತಿ ಬಂದ ಮೇಲೆ ಹಾಗಲ್ಲ. ಡಿಸ್ಕಿನಲ್ಲಿ ‘ಇಎಸ್‌ಪಿ’ ಎಂಬ ಒಂದು ಸಣ್ಣ ಫ್ಯಾಟ್32 ಪಾರ್ಟಿಷನ್ ಇರುತ್ತದೆ. ವಿಂಡೋಸ್ ತಾನೇ ಮಾಡಿಕೊಂಡಿದ್ದರೆ ಹೆಚ್ಚಾಗಿ 100 ಎಂಬಿ. ಅದರೊಳಗೆ ‘ಇಎಫ್‌ಐ’ ಎಂಬ ಫೋಲ್ಡರ್. ಅದರೊಳಗೆ ವಿಂಡೋಸ್‌ಗೆ ‘ಮೈಕ್ರೋಸಾಫ್ಟ್’ ಹೆಸರಿನ ಫೋಲ್ಡರ್, ಉಬುಂಟುಗೆ ‘ಉಬುಂಟು’ ಹೆಸರಿನ ಫೋಲ್ಡರ್, ಯಾರೂ ದಿಕ್ಕಿಲ್ಲದಿದ್ದಾಗ ಹಿಡಿಯಲು ‘ಬೂಟ್’ ಹೆಸರಿನ ಇನ್ನೊಂದು.

ಫರ್ಮ್‌ವೇರ್ ಎಲ್ಲ ಫೋಲ್ಡರನ್ನೂ ತಡಕಾಡುವುದಿಲ್ಲ. ಮದರ್‌ಬೋರ್ಡಿನ ಚಿಪ್ಪಿನಲ್ಲಿ ಚೀಟಿಗಳನ್ನು ಇಟ್ಟುಕೊಂಡಿರುತ್ತದೆ: ‘ಇಂಥ ಪಾರ್ಟಿಷನ್, ಇಂಥ ಫೋಲ್ಡರ್, ಇಂಥ ಫೈಲ್’. ಚೀಟಿ ಇರುವುದು ಬೋರ್ಡಿನಲ್ಲಿ, ಡಿಸ್ಕಿನಲ್ಲಿ ಅಲ್ಲ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಷ್ಟೋ ಒಗಟು ಬಿಡುತ್ತದೆ. ಸರ್ವಿಸ್ ಸೆಂಟರ್‌ನವರು ಮದರ್‌ಬೋರ್ಡ್ ಬದಲಿಸಿಕೊಟ್ಟ ಮೇಲೆ ಉಬುಂಟು ಮಾಯ, ವಿಂಡೋಸ್ ಮಾತ್ರ ಸರಿಯಾಗಿದೆ. ಏಕೆ? ಚೀಟಿ ಎರಡೂ ಹೋಗಿವೆ. ಆದರೆ ವಿಂಡೋಸ್ ಫೈಲ್ ಎಲ್ಲಿರುತ್ತದೆ ಎಂದು ಬಹಳಷ್ಟು ಫರ್ಮ್‌ವೇರ್‌ಗೆ ಬಾಯಿಪಾಠ, ತಾನಾಗಿಯೇ ಹುಡುಕಿಕೊಳ್ಳುತ್ತದೆ. ಉಬುಂಟುಗೆ ಆ ಸಲುಗೆ ಇಲ್ಲ. ಬಯಾಸ್ ಅಪ್‌ಡೇಟ್ ಆದ ಮೇಲೂ ಇದೇ ಕತೆ. ಡಿಸ್ಕ್ ಕ್ಲೋನ್ ಮಾಡಿದಾಗ ಹೊಸ ಪಾರ್ಟಿಷನ್‌ಗೆ ಹೊಸ ಗುರುತು ಸಂಖ್ಯೆ ಬಂದಿದ್ದರೆ ಹಳೆಯ ಚೀಟಿ ಖಾಲಿ ಸೈಟನ್ನು ತೋರಿಸುತ್ತಿರುತ್ತದೆ.

ನೋಡುವುದು ಹೇಗೆ? 8 ಜಿಬಿ ಪೆನ್‌ಡ್ರೈವಿನಲ್ಲಿ ಉಬುಂಟು ಲೈವ್ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡುವ ಉಬುಂಟು) ಮಾಡಿಕೊಳ್ಳಿ. ಬೂಟ್ ಮೆನು ತೆರೆಯಲು ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9. ಅಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ ಹೆಸರಿನ ಮೊದಲಿಗೆ ‘ಯುಇಎಫ್‌ಐ’ ಎಂದಿರುವುದನ್ನೇ ಆರಿಸಿ. ಇನ್ನೊಂದನ್ನು ಆರಿಸಿದರೆ ಚೀಟಿಗಳನ್ನು ಮುಟ್ಟಲು ಬಿಡುವುದೇ ಇಲ್ಲ.

ಟರ್ಮಿನಲ್‌ನಲ್ಲಿ ‘ಸುಡೋ’ (ಅಡ್ಮಿನ್ ಅಧಿಕಾರ) ಜೊತೆ ‘ಇಎಫ್‌ಐಬೂಟ್‌ಎಂಜಿಆರ್’ ಕೊಡಿ. ಬರುವುದು ಕೆಲವೇ ಸಾಲು. ‘ಬೂಟ್‌ಕರೆಂಟ್ 0003’: ಈಗ ಎದ್ದಿರುವುದು ಮೂರನೆಯ ಚೀಟಿಯಿಂದ, ಅಂದರೆ ಪೆನ್‌ಡ್ರೈವಿನಿಂದ. ‘ಬೂಟ್‌ಆರ್ಡರ್ 0001, 0003’: ಮೊದಲು ಒಂದು, ಆಮೇಲೆ ಮೂರು. ಕೆಳಗೆ ‘ಬೂಟ್0001’ ಪಕ್ಕದಲ್ಲಿ ನಕ್ಷತ್ರ, ಆಮೇಲೆ ‘ವಿಂಡೋಸ್ ಬೂಟ್ ಮ್ಯಾನೇಜರ್’. ನಕ್ಷತ್ರ ಇದ್ದರೆ ಚೀಟಿ ಚಾಲ್ತಿಯಲ್ಲಿದೆ, ಇಲ್ಲದಿದ್ದರೆ ನಿಲ್ಲಿಸಿಡಲಾಗಿದೆ. ಉಬುಂಟು ಚೀಟಿ ಇದೆ ಆದರೆ ಆರ್ಡರಿನಲ್ಲಿ ಹಿಂದಿದೆ ಎಂದರೆ ಏನೂ ಕೆಟ್ಟಿಲ್ಲ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ತನ್ನನ್ನು ಮುಂದೆ ಇಟ್ಟುಕೊಂಡಿರಬಹುದು. ಫರ್ಮ್‌ವೇರ್‌ನಲ್ಲಿ ಕ್ರಮ ಬದಲಿಸಿದರೆ ಮುಗಿಯಿತು.

ಚೀಟಿಯೇ ಇಲ್ಲದಿದ್ದರೆ ಬರೆಯಬೇಕು. ‘ಎಲ್‌ಎಸ್‌ಬಿಎಲ್‌ಕೆ’ ಕಮಾಂಡಿಗೆ ‘ಎಫ್’ ಸೇರಿಸಿ ಕೊಟ್ಟರೆ ‘ವಿಫ್ಯಾಟ್’ ಎಂದು ತೋರುವ ಸಣ್ಣ ಪಾರ್ಟಿಷನ್ನೇ ಇಎಸ್‌ಪಿ. ಅದು ಮೊದಲ ಎನ್‌ವಿಎಂಇ ಡಿಸ್ಕಿನ ಒಂದನೇ ಪಾರ್ಟಿಷನ್ ಎಂದುಕೊಳ್ಳೋಣ. ಅದನ್ನು ಮೌಂಟ್ ಮಾಡಿ (ಫೋಲ್ಡರಿನಂತೆ ತೆರೆದು) ಉಬುಂಟು ಫೋಲ್ಡರಿನಲ್ಲಿ ‘ಶಿಮ್‌ಎಕ್ಸ್64’ ಎಂಬ ಇಎಫ್‌ಐ ಫೈಲ್ (ಗ್ರಬ್ ಅನ್ನು ಏಳಿಸುವ ‘ಶಿಮ್’) ಇದೆಯೇ ನೋಡಿ. ಇದ್ದರೆ ಅದೇ ಇಎಫ್‌ಐಬೂಟ್‌ಎಂಜಿಆರ್‌ಗೆ ಐದು ಸಂಗತಿ ಹೇಳಬೇಕು: ಹೊಸದು ಮಾಡು ಎನ್ನಲು ‘ಸಿ’, ಡಿಸ್ಕಿಗೆ ‘ಡಿ’, ಪಾರ್ಟಿಷನ್ ಸಂಖ್ಯೆಗೆ ‘ಪಿ’, ತೋರಿಸಬೇಕಾದ ಹೆಸರಿಗೆ ದೊಡ್ಡಕ್ಷರದ ‘ಎಲ್’, ಫೈಲಿನ ದಾರಿಗೆ ಸಣ್ಣಕ್ಷರದ ‘ಎಲ್’. ಎರಡು ಕಡೆ ತಪ್ಪಾಗುತ್ತದೆ. ‘ಡಿ’ಗೆ ಡಿಸ್ಕಿನ ಹೆಸರು ಮಾತ್ರ ಕೊಡಬೇಕು, ಪಾರ್ಟಿಷನ್ ಸೇರಿಸಬಾರದು. ದಾರಿಯಲ್ಲಿ ಹಿಂದಕ್ಕೆ ಬಾಗಿದ ಗೀಟುಗಳನ್ನು ಬಳಸಿ, ಇಡೀ ದಾರಿಯನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಇಲ್ಲದಿದ್ದರೆ ಟರ್ಮಿನಲ್ ಆ ಗೀಟುಗಳನ್ನು ನುಂಗಿಬಿಡುತ್ತದೆ, ಚೀಟಿ ತಪ್ಪು ವಿಳಾಸದ್ದಾಗುತ್ತದೆ. ಕೆಲವು ಫರ್ಮ್‌ವೇರ್‌ನಲ್ಲಿ ‘ಆ್ಯಡ್ ಬೂಟ್ ಆಪ್ಷನ್’ ಇರುತ್ತದೆ, ಮೌಸಿನಲ್ಲೇ ಫೈಲ್ ಆರಿಸಬಹುದು. ಇದ್ದರೆ ಅದನ್ನೇ ಬಳಸಿ, ಟರ್ಮಿನಲ್ ಮೋಹ ಬೇಡ.

ಕಳೆದಿರುವುದು ವಿಂಡೋಸ್ ಆದರೆ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ಎದ್ದು, ಶಿಫ್ಟ್ ಮತ್ತು ಎಫ್10 ಒತ್ತಿ ಕಮಾಂಡ್ ಪ್ರಾಂಪ್ಟ್ ತೆಗೆಯಿರಿ. ‘ಡಿಸ್ಕ್‌ಪಾರ್ಟ್’ ಒಳಗೆ ‘ಲಿಸ್ಟ್ ವಾಲ್ಯೂಮ್’ ನೋಡಿ, ಫ್ಯಾಟ್32 ಇರುವ ಸಣ್ಣದನ್ನು ‘ಸೆಲೆಕ್ಟ್’ ಮಾಡಿ, ‘ಅಸೈನ್’ ಮೂಲಕ ಅದಕ್ಕೆ ‘ಎಸ್’ ಅಕ್ಷರ ಕೊಟ್ಟು ಹೊರಬನ್ನಿ. ವಿಂಡೋಸ್ ಇರುವ ಡ್ರೈವ್ ಇಲ್ಲಿ ‘ಸಿ’ ಆಗಿರಲೇಬೇಕೆಂದಿಲ್ಲ, ‘ಡಿ’ ಆಗಿರಬಹುದು, ನೋಡಿಕೊಳ್ಳಿ. ಆಮೇಲೆ ‘ಬಿಸಿಡಿಬೂಟ್’ ಕಮಾಂಡಿಗೆ ಆ ಡ್ರೈವಿನ ವಿಂಡೋಸ್ ಫೋಲ್ಡರ್, ‘ಎಸ್’ ಆಯ್ಕೆಗೆ ಎಸ್ ಡ್ರೈವ್, ‘ಎಫ್’ ಆಯ್ಕೆಗೆ ಯುಇಎಫ್‌ಐ ಎಂದು ಕೊಡಿ. ಫೈಲುಗಳೂ ಬರುತ್ತವೆ, ಚೀಟಿಯೂ ಬರುತ್ತದೆ. ಎಲ್ಲರೂ ಹೇಳುವ ‘ಬೂಟ್‌ರೆಕ್ ಫಿಕ್ಸ್‌ಎಂಬಿಆರ್’ ಯುಇಎಫ್‌ಐ ಯಂತ್ರಕ್ಕೆ ಉಪಯೋಗವಿಲ್ಲ. ಅದು ಹಳೆಯ 446 ಬೈಟ್‌ಗಳ ಕಾಲದ್ದು.

ಇಎಸ್‌ಪಿಯೇ ಇಲ್ಲದಿದ್ದರೆ? ‘ಈ 100 ಎಂಬಿ ಯಾಕೆ ದಂಡ’ ಎಂದು ಯಾರೋ ಅಳಿಸಿದ್ದಾರೆ. ಡಿಸ್ಕ್‌ಪಾರ್ಟ್‌ನಲ್ಲಿ ಒಂದು ವಾಲ್ಯೂಮ್ ‘ಶ್ರಿಂಕ್’ ಮಾಡಿ, ‘ಕ್ರಿಯೇಟ್ ಪಾರ್ಟಿಷನ್ ಇಎಫ್‌ಐ’ ಎಂದು ಹೊಸದು ಮಾಡಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಮೇಲಿನ ಬಿಸಿಡಿಬೂಟ್ ಓಡಿಸಬೇಕು. ಗಾತ್ರ 300ರಿಂದ 512 ಎಂಬಿ ಇಡಿ, 100 ಎಂಬಿ ಎರಡು ಸಂಸಾರಕ್ಕೆ ಸಾಲದಾಗುತ್ತದೆ.

ಇನ್ನು ಎರಡು ಡಿಸ್ಕ್ ಇರುವ ಯಂತ್ರ. ‘ಉಬುಂಟುವನ್ನು ಎರಡನೇ ಡಿಸ್ಕಿಗೇ ಹಾಕಿದ್ದೆ, ಮೊದಲನೆಯದನ್ನು ತೆಗೆದರೆ ಅದೂ ಏಳ್ತಿಲ್ಲ’ ಎನ್ನುವವರು ಬಹಳ. ಉಬುಂಟುವಿನ ಹಳೆಯ ಇನ್‌ಸ್ಟಾಲರ್‌ಗೆ ಒಂದು ಚಾಳಿಯಿತ್ತು: ಬೂಟ್‌ಲೋಡರ್ ಎರಡನೇ ಡಿಸ್ಕಿಗೆ ಎಂದು ಆರಿಸಿದರೂ, ಮೊದಲ ಡಿಸ್ಕಿನ ಇಎಸ್‌ಪಿಯಲ್ಲೇ ಹಾಕುತ್ತಿತ್ತು. ವಿಂಡೋಸ್ ಕೂಡ, ಈಗಾಗಲೇ ಇನ್ನೊಂದು ಡಿಸ್ಕಿನಲ್ಲಿ ಇಎಸ್‌ಪಿ ಇದ್ದರೆ ಅಲ್ಲೇ ಮನೆ ಮಾಡಿಕೊಳ್ಳಬಹುದು. ಇನ್‌ಸ್ಟಾಲ್ ಮಾಡುವಾಗ ಇನ್ನೊಂದು ಡಿಸ್ಕಿನ ಕೇಬಲ್ ಕಿತ್ತಿಡುವುದು ಒರಟು ಉಪಾಯ, ಆದರೆ ಇದಕ್ಕಿಂತ ಖಾತ್ರಿಯಾದದ್ದಿಲ್ಲ.

ಮೂರನೆಯ ಪಟ್ಟಿ: ಗ್ರಬ್

ಉಬುಂಟು ಏಳುತ್ತದೆ, ಮೆನುವಿನಲ್ಲಿ ವಿಂಡೋಸ್ ಮಾತ್ರ ಇಲ್ಲ. ಫರ್ಮ್‌ವೇರ್‌ನ ಬೂಟ್ ಮೆನುವಿನಿಂದ ವಿಂಡೋಸ್ ಏಳುತ್ತದೆಯೇ ನೋಡಿ. ಎದ್ದರೆ ತೊಂದರೆ ಮೂರನೆಯ ಪಟ್ಟಿಯದ್ದೇ. 2021ರಲ್ಲಿ ಬಂದ ಗ್ರಬ್ 2.06 ಆವೃತ್ತಿಯಿಂದ, ಬೇರೆ ಸಿಸ್ಟಮ್‌ಗಳನ್ನು ಹುಡುಕುವ ‘ಓಎಸ್-ಪ್ರೋಬರ್’ ತಾನಾಗಿ ಓಡುವುದಿಲ್ಲ, ಭದ್ರತೆಯ ಕಾರಣಕ್ಕೆ ನಿಲ್ಲಿಸಿದ್ದಾರೆ. ‘ಇಟಿಸಿ’ ಒಳಗಿನ ‘ಡಿಫಾಲ್ಟ್’ ಫೋಲ್ಡರಿನಲ್ಲಿರುವ ‘ಗ್ರಬ್’ ಫೈಲ್ ತೆರೆದು, ‘ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್’ ಎಂಬ ಸಾಲಿಗೆ ‘ಫಾಲ್ಸ್’ ಬೆಲೆ ಕೊಡಿ. ಹೆಸರಿನ ಪದಗಳ ನಡುವೆ ಅಡಿಗೀಟು, ಹೆಸರೆಲ್ಲ ದೊಡ್ಡಕ್ಷರ, ಫಾಲ್ಸ್ ಸಣ್ಣಕ್ಷರ. ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಇದ್ದರೆ ತೆಗೆಯಿರಿ. ಆಮೇಲೆ ‘ಅಪ್‌ಡೇಟ್-ಗ್ರಬ್’. ‘ಫೌಂಡ್ ವಿಂಡೋಸ್ ಬೂಟ್ ಮ್ಯಾನೇಜರ್’ ಎಂದು ತೆರೆಯ ಮೇಲೆ ಬಂದರೆ ಕೆಲಸ ಆಯಿತು.

ಬರದಿದ್ದರೆ ಎರಡೂ ಒಂದೇ ಪದ್ಧತಿಯಲ್ಲಿವೆಯೇ ನೋಡಿ. ವಿಂಡೋಸ್‌ನಲ್ಲಿ ‘ಎಂಎಸ್‌ಇನ್ಫೋ32’ ತೆರೆದರೆ ‘ಬಯಾಸ್ ಮೋಡ್’ ಎಂಬಲ್ಲಿ ಲೆಗಸಿ (ಹಳೆಯ ಬಯಾಸ್ ಪದ್ಧತಿ) ಅಥವಾ ಯುಇಎಫ್‌ಐ ಎಂದಿರುತ್ತದೆ. ಲಿನಕ್ಸಿನಲ್ಲಿ ‘ಸಿಸ್’ ಒಳಗೆ ‘ಫರ್ಮ್‌ವೇರ್’, ಅದರೊಳಗೆ ‘ಇಎಫ್‌ಐ’ ಫೋಲ್ಡರ್ ಇದ್ದರೆ ಯುಇಎಫ್‌ಐ. ಒಂದು ಲೆಗಸಿ, ಇನ್ನೊಂದು ಯುಇಎಫ್‌ಐ ಆಗಿದ್ದರೆ ಗ್ರಬ್ ಎಷ್ಟು ಹುಡುಕಿದರೂ ಅಲ್ಲಿಗೆ ದಾಟಿಸಲಾರದು. ವಿಂಡೋಸ್ 10ರ 1703 ಆವೃತ್ತಿಯಿಂದ ಬರುವ ‘ಎಂಬಿಆರ್2ಜಿಪಿಟಿ’ ಲೆಗಸಿ ಡಿಸ್ಕನ್ನು ಮಾಹಿತಿ ಅಳಿಸದೆ ಯುಇಎಫ್‌ಐಗೆ ಒಗ್ಗುವಂತೆ ಪರಿವರ್ತಿಸುತ್ತದೆ, ಆದರೆ ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿದ್ದರೆ, ಎಕ್ಸ್‌ಟೆಂಡೆಡ್ ಪಾರ್ಟಿಷನ್ ಇದ್ದರೆ ಒಪ್ಪುವುದಿಲ್ಲ. ಲಿನಕ್ಸ್ ಅದೇ ಡಿಸ್ಕಿನಲ್ಲಿದ್ದರೆ ಹೆಚ್ಚಾಗಿ ಒಪ್ಪುವುದಿಲ್ಲ ಎಂದೇ ತಿಳಿಯಿರಿ. ಮೊದಲು ‘ವ್ಯಾಲಿಡೇಟ್’ ಆಯ್ಕೆ ಕೊಟ್ಟು ಪರೀಕ್ಷಿಸಿ, ಅದು ಏನನ್ನೂ ಬದಲಿಸುವುದಿಲ್ಲ.

2024ರ ಆಗಸ್ಟಿನಲ್ಲಿ ಇದ್ಯಾವುದೂ ಅಲ್ಲದ ಒಂದು ತೊಂದರೆ ಜಗತ್ತಿನಾದ್ಯಂತ ಕಾಣಿಸಿತು. ಆ ತಿಂಗಳ ವಿಂಡೋಸ್ ಭದ್ರತಾ ಅಪ್‌ಡೇಟ್, ಹಳೆಯ ಶಿಮ್ ಇರುವ ಲಿನಕ್ಸ್‌ಗಳನ್ನು ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿ ಇಲ್ಲದ ಫೈಲನ್ನು ಏಳಲು ಬಿಡದ ಫರ್ಮ್‌ವೇರ್ ಕಾವಲು) ತಡೆಯುವಂತೆ ಮಾಡಿತು. ಪರದೆಯ ಮೇಲೆ ‘ಎಸ್‌ಬ್ಯಾಟ್ ಸೆಲ್ಫ್-ಚೆಕ್ ಫೇಲ್ಡ್’ ಎಂದು ಬಂದು ಯಂತ್ರ ಆರಿಹೋಗುತ್ತಿತ್ತು. ಆ ಬರಹ ಕಂಡರೆ ಸೆಕ್ಯೂರ್ ಬೂಟ್ ಆಫ್ ಮಾಡಿ ಉಬುಂಟುಗೆ ಹೋಗಿ, ‘ಮೋಕ್‌ಯುಟಿಲ್’ ಕಮಾಂಡಿಗೆ ‘ಸೆಟ್-ಎಸ್‌ಬ್ಯಾಟ್-ಪಾಲಿಸಿ’ ಆಯ್ಕೆಯಲ್ಲಿ ‘ಡಿಲೀಟ್’ ಎಂದು ಕೊಡಿ. ಸೆಕ್ಯೂರ್ ಬೂಟ್ ಆಫ್ ಇರುವಾಗಲೇ ಒಂದು ಸಲ ಮತ್ತೆ ಉಬುಂಟುಗೆ ಎದ್ದು ಬನ್ನಿ, ಶಿಮ್ ಅಪ್‌ಡೇಟ್ ಮಾಡಿ, ಆಮೇಲೆ ಸೆಕ್ಯೂರ್ ಬೂಟ್ ಆನ್.

ಈ ವಿಷಯದ ಬಗ್ಗೆ ಮಾತನಾಡಿದಾಗ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವು

ಬೂಟ್-ರಿಪೇರ್ ಎಂಬ ಟೂಲ್ ಓಡಿಸಿದರೆ ಎಲ್ಲ ಸರಿಹೋಗುತ್ತದಲ್ಲವೇ, ಸರ್?

ಹೋಗುತ್ತದೆ, ಬಹಳ ಸಲ. ಆದರೆ ಅದರ ದೊಡ್ಡ ಉಪಯೋಗ ಅದು ಬರೆದುಕೊಡುವ ವರದಿ. ‘ರೆಕಮೆಂಡೆಡ್ ರಿಪೇರ್’ ಒತ್ತುವ ಮೊದಲು ವರದಿ ಮಾತ್ರ ತೆಗೆದು ಯಾವ ಡಿಸ್ಕಿನಲ್ಲಿ ಇಎಸ್‌ಪಿ ಇದೆ, ಯಾವ ಫೋಲ್ಡರಿನಲ್ಲಿ ಏನಿದೆ ಓದಿ. ಎರಡು ಡಿಸ್ಕಿನ ಯಂತ್ರದಲ್ಲಿ ಓದದೆ ಒತ್ತಬೇಡಿ.

ವಿಂಡೋಸ್ ಶಟ್‌ಡೌನ್ ಮಾಡಿದರೂ ಲಿನಕ್ಸಿನಲ್ಲಿ ಅದರ ಡ್ರೈವ್ ತೆರೆಯುವುದಿಲ್ಲ, ಇಲ್ಲವೇ ಓದಲಿಕ್ಕೆ ಮಾತ್ರ ಬಿಡುತ್ತದೆ.

ಅದು ಬೂಟ್ ಪಟ್ಟಿಯ ದೋಷವಲ್ಲ. ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಬಂದಿದೆ, ಶಟ್‌ಡೌನ್ ಎಂದರೂ ಅದು ಅರೆನಿದ್ದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅದನ್ನು ತೆಗೆಯಿರಿ. ಆ ಗಳಿಗೆಗೆ ಮಾತ್ರ ಬೇಕಿದ್ದರೆ ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿ. ಅರೆನಿದ್ದೆಯಲ್ಲಿರುವ ಡ್ರೈವಿಗೆ ಲಿನಕ್ಸಿನಿಂದ ಬಲವಂತವಾಗಿ ಬರೆದರೆ ಫೈಲ್ ಕೆಡುತ್ತವೆ.

ಚೀಟಿ ಬರೆದರೂ ರೀಸ್ಟಾರ್ಟ್ ಆದ ಕೂಡಲೇ ಅಳಿಸಿಹೋಗುತ್ತದೆ, ಯಾವಾಗಲೂ ವಿಂಡೋಸೇ.

ಕೆಲವು ಫರ್ಮ್‌ವೇರ್‌ಗಳು ವಿಂಡೋಸ್ ಹೆಸರನ್ನು ಬಿಟ್ಟು ಬೇರೆಯದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಹಾಗಿದ್ದರೆ ವಿಂಡೋಸ್ ಒಳಗೆ ಅಡ್ಮಿನ್ ಆಗಿ ‘ಬಿಸಿಡಿಎಡಿಟ್’ ಬಳಸಿ, ‘ಬೂಟ್‌ಎಂಜಿಆರ್’ನ ‘ಪಾತ್’ ಅನ್ನು ಉಬುಂಟು ಫೋಲ್ಡರಿನ ಶಿಮ್ ಫೈಲಿಗೆ ತಿರುಗಿಸಬಹುದು. ಚೀಟಿಯ ಮೇಲೆ ವಿಂಡೋಸ್ ಎಂದೇ ಇರುತ್ತದೆ, ವಿಳಾಸ ಮಾತ್ರ ಉಬುಂಟುವಿನದು. ಇದನ್ನು ಮಾಡುವ ಮೊದಲು ಗ್ರಬ್ ಮೆನುವಿನಲ್ಲಿ ವಿಂಡೋಸ್ ಇದೆ ಎಂದು ಖಾತ್ರಿ ಮಾಡಿಕೊಳ್ಳಿ.

ಮ್ಯಾಕ್‌ನಲ್ಲಿ ವಿಂಡೋಸ್ ಡಿಸ್ಕ್ ಸ್ಟಾರ್ಟಪ್ ಪಟ್ಟಿಯಲ್ಲಿ ಕಾಣುವುದಿಲ್ಲ.

ಯಾವ ಮ್ಯಾಕ್ ಎನ್ನುವುದರ ಮೇಲಿದೆ. ಇಂಟೆಲ್ ಮ್ಯಾಕ್ ಆದರೆ ಆಪ್ಷನ್ ಕೀ ಹಿಡಿದು ಶುರುಮಾಡಿ, ಅಲ್ಲಿ ಬರುವುದೇ ಅಸಲಿ ಪಟ್ಟಿ. ಮ್ಯಾಕ್‌ನ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಕಾಣದಿದ್ದರೂ ಇಲ್ಲಿ ಕಾಣಬಹುದು. ಟಿ2 ಚಿಪ್ ಇರುವ ಮ್ಯಾಕ್‌ಗಳು ಹೊರಗಿನ ಡಿಸ್ಕಿನಿಂದ ಏಳಲು ಮೊದಲಿಗೆ ಬಿಡುವುದಿಲ್ಲ; ಕಮಾಂಡ್ ಮತ್ತು ಆರ್ ಹಿಡಿದು ರಿಕವರಿಗೆ ಹೋಗಿ, ‘ಸ್ಟಾರ್ಟಪ್ ಸೆಕ್ಯುರಿಟಿ ಯುಟಿಲಿಟಿ’ಯಲ್ಲಿ ಅನುಮತಿ ಕೊಡಬೇಕು. ಎಂ1 ಮತ್ತು ಅದರ ನಂತರದ ಆಪಲ್ ಚಿಪ್‌ನವಾದರೆ ವಿಂಡೋಸ್ ಹಾಕಲು ಆಪಲ್ ಕೊಡುವ ಬೂಟ್ ಕ್ಯಾಂಪೇ ಇಲ್ಲ, ಹಾಗಾಗಿ ಹುಡುಕುವುದಕ್ಕೂ ಏನೂ ಇಲ್ಲ.